ಪರದೆಗೆ ಬರುವುದು ಪತಂಗ, ಎಲೆಯಲ್ಲಿರುವುದು ಅದರ ಬದುಕು

ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದ ಸಂಜೆ ಹಳ್ಳಿಮನೆಗಳಲ್ಲಿ ಒಂದು ಕೆಲಸ ಯಾರೂ ಹೇಳದೆ ನಡೆದುಹೋಗುತ್ತದೆ. ರೆಕ್ಕೆಹುಳುಗಳು ಮುತ್ತಿದ ಕೂಡಲೇ ಒಳಗಿನ ದೀಪಗಳು ಆರುತ್ತವೆ. ಜಗಲಿಯ ಬಲ್ಬೊಂದನ್ನೇ ಉಳಿಸಿ, ಅದರ ಕೆಳಗೆ ನೀರು ತುಂಬಿದ ಬೇಸನ್ನು ಇಡುತ್ತಾರೆ. ಬೆಳಗಾದ ಮೇಲೆ ಅದರಲ್ಲಿ ತೇಲುವ ರೆಕ್ಕೆರಾಶಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿದರೆ ಅಲ್ಲಿಗೆ ಮುಗಿಯಿತು. ಕೃಷಿ ಇಲಾಖೆ ರೈತರಿಗೆ ಹೇಳುವ ‘ಬೆಳಕಿನ ಬಲೆ’ಯೂ ಹೆಚ್ಚುಕಡಿಮೆ ಇಷ್ಟೇ: ಮೇಲೊಂದು ಬಲ್ಬು, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರು. ಕಡಲೆಕಾಯಿ ಬೆಳೆಯುವ ಬಯಲುಸೀಮೆಯಲ್ಲಿ ಮೊದಲ ಮಳೆಗೆ ಮಣ್ಣಿನಿಂದ ಎದ್ದು ಬರುವ ಕೆಂಪುತಲೆ ಕಂಬಳಿಹುಳುವಿನ ಪತಂಗಗಳಿಗೆ ಬದುಗಳ ಮೇಲೆ ಬೆಂಕಿ ಹಾಕುವುದೂ ಅದೇ ಉಪಾಯ.

ಇವೆಲ್ಲ ಕೊಲ್ಲುವ ಬಲೆಗಳು. ಬರೀ ನೋಡುವುದಕ್ಕೆಂದು ದೀಪ ಹಚ್ಚಿ ಕೂರುವವರು ಈಚೆಗೆ ನಮ್ಮಲ್ಲೂ ಹೆಚ್ಚಿದ್ದಾರೆ. ಕಾಫಿ ತೋಟದ ಅಂಚಿನಲ್ಲೋ ಹೋಮ್‌ಸ್ಟೇಯ ಅಂಗಳದಲ್ಲೋ ಬಿಳಿ ಬಟ್ಟೆ ಕಟ್ಟಿ, ಮುಂದೆ ದೀಪ ಇಳಿಬಿಟ್ಟು ಕಾಯುವ ಇವರನ್ನು ಕಂಡ ಊರವರ ಮೊದಲ ಪ್ರಶ್ನೆ, ‘ಏನ್ ಸಾರ್, ಸಿನಿಮಾ ತೋರಿಸ್ತೀರಾ?’ ತೋರಿಸುವುದೇನೋ ನಿಜ. ಭಾರತದಲ್ಲಿ ಚಿಟ್ಟೆಗಳ ಪ್ರಭೇದಗಳು ಸುಮಾರು 1,300 ಇದ್ದರೆ ಪತಂಗಗಳದ್ದು 10,000 ದಾಟುತ್ತದೆ. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ಪತಂಗಗಳೇ ಸುಮಾರು 1,60,000. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದ ‘ನ್ಯಾಷನಲ್ ಮಾತ್ ವೀಕ್’ ಪ್ರತಿ ವರ್ಷ ಜುಲೈ ಕೊನೆಯಲ್ಲಿ ನಮ್ಮ ದೇಶದಲ್ಲೂ ನಡೆಯುತ್ತದೆ.

ಆದರೆ ಪರದೆ ಹೇಳುವುದು ಅರ್ಧ ಕಥೆ. ಯಾವ ಪತಂಗ ಬಂತು ಎಂಬುದಷ್ಟೇ ಅದಕ್ಕೆ ಗೊತ್ತು. ಅದು ಏನು ತಿಂದು ಬೆಳೆಯಿತು, ಯಾವ ಗಿಡ ಕಡಿದರೆ ನಮ್ಮ ಊರಿನಿಂದ ಕಾಣೆಯಾಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಆ ಉತ್ತರ ಹಗಲು ಹೊತ್ತಿನಲ್ಲಿ, ಎಲೆಯ ಅಡಿಯಲ್ಲಿ, ಹಲವರು ಕಂಡೊಡನೆ ಮುಖ ಸಿಂಡರಿಸುವ ಹುಳುವಿನ ರೂಪದಲ್ಲಿ ಕೂತಿರುತ್ತದೆ. ದೀಪ ಹಚ್ಚುವವರು ಹುಳು ಸಾಕುವುದನ್ನೂ ಕಲಿತರೆ ಮಾತ್ರ ಈ ಹವ್ಯಾಸ ಪೂರ್ತಿಯಾಗುತ್ತದೆ ಎನ್ನುವುದು ನನ್ನ ವಾದ.

ಅಮಾವಾಸ್ಯೆಯೇ ಶುಭದಿನ

ಮೊದಲು ದೀಪದ ವಿಚಾರ. ಬೇಕಾದದ್ದು ಬಹಳವಿಲ್ಲ: ಒಂದು ಬಿಳಿ ಹತ್ತಿ ಬೆಡ್‌ಶೀಟು, ಎರಡು ಕಂಬ ಅಥವಾ ಮರ, ಒಂದು ಹಗ್ಗ, ಒಂದು ದೀಪ. ಬಟ್ಟೆಯ ಕೆಳಗಿನ ಅಂಚನ್ನು ನೆಲದ ಮೇಲೂ ಹಾಸಿದರೆ ಕೆಳಗೆ ಬಿದ್ದವು ಹುಲ್ಲಿನಲ್ಲಿ ತುಳಿತಕ್ಕೆ ಸಿಗುವುದಿಲ್ಲ. ಪತಂಗಗಳ ಕಣ್ಣು ನಮಗೆ ಕಾಣದ ಅತಿನೇರಳೆ ಬೆಳಕಿಗೆ ಚುರುಕು. ಹಾಗಾಗಿ ಮನೆಯ ಎಲ್‌ಇಡಿ ಬಲ್ಬಿಗಿಂತ ಹಳೆಯ ಮರ್ಕ್ಯುರಿ ಬಲ್ಬಿಗೆ ಬರುವವು ಹೆಚ್ಚು. ಚೋಕ್ ಬೇಡದ 160 ವಾಟಿನ ಮರ್ಕ್ಯುರಿ ಬಲ್ಬು ಹವ್ಯಾಸಿಗಳ ನೆಚ್ಚಿನದು. ಅದು ಕೈಸುಡುವಷ್ಟು ಕಾಯುತ್ತದೆ. ಕಾದ ಗಾಜಿನ ಮೇಲೆ ಮಳೆಹನಿ ಬಿದ್ದರೆ ಸಿಡಿಯುತ್ತದೆ. ಆದ್ದರಿಂದ ಮೇಲೊಂದು ಮಾಡು ಇರಲೇಬೇಕು. ಕರೆಂಟಿಲ್ಲದ ಜಾಗದಲ್ಲಿ ಪವರ್‌ಬ್ಯಾಂಕಿನಿಂದ ಉರಿಯುವ ಅತಿನೇರಳೆ ಎಲ್‌ಇಡಿಗಳಿವೆ. ಯಾವುದೇ ಆದರೂ ದೀಪವನ್ನು ದಿಟ್ಟಿಸಿ ನೋಡಬಾರದು, ಕನ್ನಡಕ ಹಾಕಿಕೊಂಡಿರುವುದು ಒಳ್ಳೆಯದು.

ಹೊತ್ತು ಗೊತ್ತು ಮಾಡುವುದರಲ್ಲಿ ಅರ್ಧ ಗೆಲುವಿದೆ. ಹುಣ್ಣಿಮೆಯ ಬೆಳದಿಂಗಳಲ್ಲಿ ಪರದೆ ಬಣಗುಡುತ್ತದೆ. ಶುಭಕಾರ್ಯಕ್ಕೆ ಹಿಂಜರಿಯುವ ಅಮಾವಾಸ್ಯೆ ಇಲ್ಲಿ ಶ್ರೇಷ್ಠ ದಿನ. ಗಾಳಿಯಿಲ್ಲದ, ಸೆಕೆಯ, ಮೋಡ ಕವಿದ ರಾತ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಮುಂಗಾರಿಗೆ ಸ್ವಲ್ಪ ಮೊದಲು ಮತ್ತು ಮಳೆ ಹಿಂದೆ ಸರಿದ ಸೆಪ್ಟೆಂಬರ್–ಅಕ್ಟೋಬರ್ ಮಲೆನಾಡಿನಲ್ಲಿ ಸುಗ್ಗಿ. ಕತ್ತಲಾಗುತ್ತಿದ್ದಂತೆ ಬೆರಳುಗುರಿಗಿಂತ ಚಿಕ್ಕವು ಬರತೊಡಗುತ್ತವೆ. ರೆಕ್ಕೆಯನ್ನು ಬಟ್ಟೆಗೆ ಒತ್ತಿ ಚಪ್ಪಟೆಯಾಗಿ ಕೂತವು ಹೆಚ್ಚಾಗಿ ಜಿಯೋಮೆಟ್ರಿಡ್ ಕುಟುಂಬದವು; ಮನೆಯ ಮಾಡಿನ ಹಾಗೆ ಇಳಿಜಾರು ಮಾಡಿ ಕೂತವುಗಳಲ್ಲಿ ಟೈಗರ್ ಮಾತ್‌ಗಳಿರಬಹುದು; ಜೆಟ್ ವಿಮಾನದ ಆಕಾರದಲ್ಲಿ ಅಂಟಿ ಕೂತದ್ದು ಹಾಕ್‌ಮಾತ್. ಹಸಿರು ಬಾಲದ ಮೂನ್ ಮಾತ್, ಅಂಗೈ ಮೀರಿದ ಅಟ್ಲಾಸ್ ಪತಂಗ ಬರುವುದಿದ್ದರೆ ಕಾಯುವವರು ಆಕಳಿಸುವ ಹೊತ್ತಿಗೆ ಬರುತ್ತವೆ. ಇವೆರಡಕ್ಕೂ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ವಾರದ ಚಿಲ್ಲರೆ ಬದುಕು ಸಾಗಿಸಿ, ಸಂಗಾತಿಯನ್ನು ಹುಡುಕಿ, ಮೊಟ್ಟೆಯಿಟ್ಟು ತೀರಿಹೋಗುತ್ತವೆ. ಅಂದರೆ ಜನ ಫೋಟೊಕ್ಕೆ ಮುಗಿಬೀಳುವ ಆ ರೂಪ ಅವುಗಳ ಬಾಳಿನ ಕೊನೆಯ ಚಿಕ್ಕ ಅಧ್ಯಾಯ.

ಒಂದಿಷ್ಟು ನಿಯಮಗಳಿವೆ. ರಾತ್ರಿಯಿಡೀ ದೀಪ ಉರಿಸಿ ಮಲಗಿಬಿಟ್ಟರೆ ಬೆಳಗಿನ ಜಾವ ಪಿಕಳಾರ, ಕಾಜಾಣಗಳು ಪರದೆಯನ್ನೇ ಊಟದ ತಟ್ಟೆ ಮಾಡಿಕೊಳ್ಳುತ್ತವೆ. ಫೋಟೊ ಮುಗಿದ ಮೇಲೆ ದೀಪ ಆರಿಸಿ, ಬಟ್ಟೆಯನ್ನು ಮೆಲ್ಲಗೆ ಪೊದೆಯ ಪಕ್ಕ ಕೊಡವಬೇಕು. ಒಂದೇ ಜಾಗದಲ್ಲಿ ಸಾಲಾಗಿ ರಾತ್ರಿಗಳನ್ನು ಕಳೆಯಬಾರದು. ಅಭಯಾರಣ್ಯ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ದೀಪ ಹಚ್ಚುವಂತಿಲ್ಲ.

ಬೆನ್ನು ಯಾವಾಗಲೂ ಬೆಳಕಿನ ಕಡೆ

ಅಷ್ಟಕ್ಕೂ ಪತಂಗ ದೀಪಕ್ಕೆ ಯಾಕೆ ಬರುತ್ತದೆ? ಕವಿಗಳು ಪ್ರೇಮ ಎಂದರು, ಸಂತರು ಮೋಹ ಎಂದರು. ಚಂದ್ರನನ್ನು ದಿಕ್ಕಿಗೆ ಹಿಡಿದು ಹಾರುವ ಪತಂಗ ದೀಪವನ್ನೇ ಚಂದ್ರನೆಂದು ತಿಳಿದು ಸುತ್ತುತ್ತದೆ ಎಂಬುದು ಪಠ್ಯಪುಸ್ತಕಗಳ ವಿವರಣೆಯಾಗಿತ್ತು. 2024ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದನ್ನು ತಿರುವಿಹಾಕಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಯಾಮ್ಯುಯೆಲ್ ಫೇಬಿಯನ್, ಭಾರತೀಯ ಸಂಶೋಧಕ ಯಶ್ ಸೋಂಧಿ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲೂ ಕೋಸ್ಟರಿಕಾದ ಕಾಡಿನಲ್ಲೂ ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟ ಸೆರೆಹಿಡಿದರು. ಕೀಟಗಳು ದೀಪದತ್ತ ನೇರ ನುಗ್ಗುತ್ತಿರಲಿಲ್ಲ. ಬೆನ್ನನ್ನು ದೀಪದ ಕಡೆ ತಿರುಗಿಸಿಕೊಂಡು ಅದರ ಸುತ್ತ ಸಿಕ್ಕಿಕೊಳ್ಳುತ್ತಿದ್ದವು.

ಕಾರಣ ಸರಳವಾಗಿದೆ. ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳಕು. ಬೆನ್ನನ್ನು ಬೆಳಕಿಗೆ ಕೊಟ್ಟರೆ ಹೊಟ್ಟೆ ತಾನಾಗಿ ನೆಲದ ಕಡೆ ಇರುತ್ತದೆ. ಹಾರುವಾಗ ಮೇಲು–ಕೆಳಗು ತಿಳಿಯಲು ಅಷ್ಟು ಸಾಕಿತ್ತು. ದೀಪದ ಮೇಲೆ ಹಾರಿದಾಗ ಬೆಳಕು ಕೆಳಗಿನಿಂದ ಬರುತ್ತದೆ, ಕೀಟ ಮಗುಚಿ ಬೀಳುತ್ತದೆ. ಪಕ್ಕದಲ್ಲಿ ಹಾರಿದರೆ ಮೈ ಓರೆಯಾಗಿ ಸುತ್ತುತ್ತಲೇ ಉಳಿಯುತ್ತದೆ. ನಾವು ಕರೆದದ್ದಕ್ಕೆ ಬಂದ ಅತಿಥಿಗಳೆಂದು ಪರದೆಯ ಮುಂದೆ ಸಂಭ್ರಮಿಸುತ್ತೇವಲ್ಲ, ಅವು ಹೋಗುವ ದಾರಿಯಲ್ಲಿ ದಿಕ್ಕುಗೆಟ್ಟು ನಿಂತವು. ಊರಿನ ಬೀದಿದೀಪ, ಪೆಟ್ರೋಲ್ ಬಂಕಿನ ಫ್ಲಡ್‌ಲೈಟು ಪ್ರತಿ ರಾತ್ರಿ ಇದನ್ನೇ ಮಾಡುತ್ತಿವೆ ಎಂಬುದು ನೆನಪಾದರೆ ಸಂಭ್ರಮ ಸ್ವಲ್ಪ ಇಳಿಯುತ್ತದೆ.

ಆ ಸಂಶೋಧನೆಯಲ್ಲೇ ಇನ್ನೊಂದು ಸೊಗಸಾದ ವಿಷಯವಿತ್ತು. ಪರೀಕ್ಷಿಸಿದ ಕೀಟಗಳಲ್ಲಿ ಎರಡು ಮಾತ್ರ ಈ ಗೊಂದಲಕ್ಕೆ ಸಿಕ್ಕಲಿಲ್ಲ, ದೀಪದ ಮೇಲೆ ಹಾರಿದರೂ ಮಗುಚಲಿಲ್ಲ. ಒಂದು, ಹಣ್ಣಿನ ಸಣ್ಣ ನೊಣ. ಇನ್ನೊಂದು, ಓಲಿಯಾಂಡರ್ ಹಾಕ್‌ಮಾತ್. ಇದು ದೂರದೇಶದ ಅಪರೂಪದ ಪತಂಗವೇನಲ್ಲ. ದೇವರ ಪೂಜೆಗೆಂದು ಹಿತ್ತಲಲ್ಲಿ ಬೆಳೆಸುವ ಕಣಗಿಲೆ, ನಂದಿಬಟ್ಟಲು ಗಿಡಗಳೇ ಇದರ ಹುಳುವಿನ ತವರು. ದೀಪದ ಲೆಕ್ಕಕ್ಕೆ ಸರಿಯಾಗಿ ಸಿಗದ ಪತಂಗ, ಅಂಗಳದ ಗಿಡದಲ್ಲಿ ಹುಳುವಾಗಿ ಸುಲಭಕ್ಕೆ ಸಿಗುತ್ತದೆ.

ಕಾರವಾರದ ಮೂವರು

ಎಲೆಯಿಂದ ಶುರುಮಾಡುವ ಈ ದಾರಿಯನ್ನು ನಮ್ಮ ರಾಜ್ಯದಲ್ಲೇ ಒಂದು ಶತಮಾನಕ್ಕೂ ಹಿಂದೆ ಹಾಕಿಕೊಟ್ಟವರಿದ್ದಾರೆ. 1880–90ರ ದಶಕಗಳಲ್ಲಿ ಆಗಿನ ಉತ್ತರ ಕನ್ನಡ ಜಿಲ್ಲೆ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಕಾರವಾರದಲ್ಲಿ ಕಲೆಕ್ಟರ್ ಆಗಿದ್ದ ಜೆ. ಡೇವಿಡ್ಸನ್, ಉಪ್ಪು–ಸುಂಕ ಇಲಾಖೆಯ ಇ.ಎಚ್. ಏಟ್ಕೆನ್, ಅರಣ್ಯಾಧಿಕಾರಿ ಟಿ.ಆರ್. ಬೆಲ್ ಎಂಬ ಮೂವರಿಗೆ ಒಂದೇ ಹುಚ್ಚು: ಕಾಡಿನಿಂದ ಹುಳು ತಂದು, ಸೊಪ್ಪು ಹಾಕಿ ಸಾಕಿ, ಹೊರಬರುವುದೇನೆಂದು ಕಾಯುವುದು. ಈ ಕೆಲಸದ ಫಲವಾಗಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಅವರ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಯಾವ ಚಿಟ್ಟೆಯ ಹುಳು ಯಾವ ಗಿಡ ತಿನ್ನುತ್ತದೆ ಎಂದು ಇಂದು ನಾವು ಸಲೀಸಾಗಿ ಹೇಳುವ ಎಷ್ಟೋ ಮಾತುಗಳ ಬೇರು ಆ ಸಾಕಣೆಯಲ್ಲಿದೆ.

ಅದೇ ಕಾಲದಲ್ಲಿ, ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಂಡಿದ್ದು ಆಮೇಲೆ ಬ್ರಿಟಿಷ್ ಮ್ಯೂಸಿಯಂ ಸೇರಿದ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರ ನಡುವೆ ಭಾರತದ ಪತಂಗಗಳ ಮೇಲೆ ನಾಲ್ಕು ಸಂಪುಟ ತಂದರು. ಇಂದಿಗೂ ಅವಿಲ್ಲದೆ ಭಾರತದ ಪತಂಗಗಳ ಗುರುತು ಹಿಡಿಯುವ ಕೆಲಸ ನಡೆಯದು. ಆದರೆ ಅವು ಮುಖ್ಯವಾಗಿ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ರೆಕ್ಕೆಗಳ ವಿವರ. ಬೆಲ್ ನಿವೃತ್ತರಾದ ಮೇಲೆ ಸ್ವದೇಶಕ್ಕೆ ಮರಳದೆ ಕಾರವಾರದಲ್ಲೇ ನೆಲೆನಿಂತರು. ಮೇಜರ್ ಎಫ್.ಬಿ. ಸ್ಕಾಟ್ ಜೊತೆ ಸೇರಿ ಹಾಕ್‌ಮಾತ್‌ಗಳ ಮೇಲೆ ಬರೆದ, ಅದೇ ಮಾಲೆಯ ಐದನೆಯ ಸಂಪುಟ 1937ರಲ್ಲಿ ಬಂತು. ಅದರಲ್ಲಿ ಮೊಟ್ಟೆ, ಹುಳು, ಕೋಶ, ತಿನ್ನುವ ಗಿಡ ಎಲ್ಲಕ್ಕೂ ಜಾಗವಿದೆ. 1948ರಲ್ಲಿ ಬೆಲ್ ಕಾರವಾರದಲ್ಲೇ ತೀರಿಕೊಂಡರು. ಪತಂಗದ ಹೆಸರು ತಿಳಿಯಲು ಹ್ಯಾಂಪ್ಸನ್, ಅದರ ಬದುಕು ತಿಳಿಯಲು ಬೆಲ್. ನಮಗೆ ಇಬ್ಬರೂ ಬೇಕು.

ಡಬ್ಬಿ, ಸೊಪ್ಪು, ಹಿಕ್ಕೆ

‘ಅಯ್ಯೋ, ಆ ಹುಳಾನ ಯಾಕೆ ಒಳಗೆ ತಂದೆ, ಆಚೆ ಎಸಿ’ ಎಂಬ ಮಾತು ಹುಳು ಸಾಕುವ ಮಕ್ಕಳೆಲ್ಲ ಕೇಳಿರುತ್ತಾರೆ. ಆದರೆ ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ತೆಗೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟ, ಕನಕಪುರದ ಕಡೆ ಎಷ್ಟೋ ಮನೆಗಳಲ್ಲಿ ಮನುಷ್ಯರಿಗಿಂತ ಹುಳುವಿಗೇ ಜಾಗ ಹೆಚ್ಚು. ಚಾಕಿ ಹುಳುವಿಗೆ ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವುದು, ಪೊರೆ ಕಳಚುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ನಿಂತಾಗ ‘ಜ್ವರಕ್ಕೆ ಕೂತಿವೆ’ ಎಂದು ಮುಟ್ಟದೆ ಬಿಡುವುದು, ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು—ಇದೆಲ್ಲ ರೈತ ಹೆಂಗಸರಿಗೆ ಕರತಲಾಮಲಕ. ಮನೆಯಲ್ಲಿ ಪತಂಗ ಸಾಕಬೇಕೆನ್ನುವವರು ರೇಷ್ಮೆ ಮನೆಯೊಂದಕ್ಕೆ ಹೋಗಿ ಬಂದರೆ ಅರ್ಧ ಪಾಠ ಮುಗಿದಂತೆ.

ಹುಳುವನ್ನು ಹುಡುಕುವಾಗ ಮೊದಲು ನೆಲ ನೋಡಬೇಕು. ಎಲೆಯ ಬಣ್ಣದಲ್ಲಿ ಕರಗಿಹೋದ ಹುಳು ಕಾಣದಿದ್ದರೂ ಗಿಡದ ಬುಡದಲ್ಲಿ ಬಿದ್ದ ಹಿಕ್ಕೆ ಕಾಣುತ್ತದೆ. ಹಿಕ್ಕೆ ಹಸಿಯಾಗಿದ್ದರೆ ಹುಳು ನೇರ ಮೇಲೆಯೇ ಇದೆ. ಹಿಕ್ಕೆ ದಪ್ಪವಾದಷ್ಟೂ ಹುಳುವೂ ದೊಡ್ಡದು. ನಂದಿಬಟ್ಟಲಿನಲ್ಲಿ ಸಿಗುವ ಹಾಕ್‌ಮಾತ್ ಹುಳು ಹಸಿರು ಮೈಯದು. ಎಳೆಯದಿದ್ದಾಗ ಹಿಂಬದಿಗೆ ಸಪೂರವಾದ ಕಪ್ಪು ಕೊಂಬು. ಬೆಳೆದಂತೆ ಕೊಂಬು ಮೋಟಾಗುತ್ತದೆ, ತಲೆಯ ಹಿಂದೆ ಎರಡು ನೀಲಿ ಕಣ್ಣುಗಳಂಥ ಮಚ್ಚೆ ಮೂಡುತ್ತವೆ. ಮುಟ್ಟಿದರೆ ತಲೆಯನ್ನು ಒಳಗೆಳೆದು ಆ ಹುಸಿಗಣ್ಣು ತೋರಿಸಿ ಹೆದರಿಸುತ್ತದೆ. ಕಚ್ಚುವುದಿಲ್ಲ, ಕೊಂಬು ಚುಚ್ಚುವುದೂ ಇಲ್ಲ. ಹೊಸಬರಿಗೆ ಇದಕ್ಕಿಂತ ಸಾಧು ಹುಳು ಸಿಗದು. ಕರಿಬೇವು, ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯ ವೇಷದಲ್ಲಿ ಕೂರುವ ನಿಂಬೆ ಚಿಟ್ಟೆಯ ಮರಿಹುಳುವೂ ಶುರುವಿಗೆ ಒಳ್ಳೆಯದು.

ರೋಮ ತುಂಬಿದವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. ನುಗ್ಗೆಮರದ ಕಾಂಡಕ್ಕೆ ಗುಂಪಾಗಿ ಅಂಟಿಕೊಳ್ಳುವ ಕಂಬಳಿಹುಳು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ತೆಂಗು, ಮಾವಿನ ಎಲೆಗಳ ಅಡಿಯಲ್ಲಿರುವ ಮುಳ್ಳುಮುಳ್ಳಾದ ಚಪ್ಪಟೆ ಹಸಿರು ಹುಳುವಿನ ಉರಿ ಅದಕ್ಕಿಂತ ಜೋರು.

ಸಾಕಲು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಟಿಶ್ಯೂ ಕಾಗದ ಸಾಕು. ದಿನಕ್ಕೊಮ್ಮೆ ಹಿಕ್ಕೆ ತೆಗೆದು ಕಾಗದ ಬದಲಿಸಬೇಕು. ತೇವ ನಿಂತರೆ ಬೂಷ್ಟು, ಬೂಷ್ಟು ಬಂದರೆ ರೋಗ. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಸೊಪ್ಪು ಕೊಡಬೇಕು. ಬೇರೆಯದು ಹಾಕಿದರೆ ಹೆಚ್ಚಿನವು ಉಪವಾಸ ಬಿದ್ದು ಸಾಯುತ್ತವೆಯೇ ಹೊರತು ಬಾಯಿ ಹಾಕುವುದಿಲ್ಲ. ಮಾರುಕಟ್ಟೆಯ ಕರಿಬೇವು ಬೇಡವೇ ಬೇಡ, ಅದಕ್ಕೆ ಹೊಡೆದ ಔಷಧಿಯ ಉಳಿಕೆಗೇ ಹುಳು ಸಾಯುತ್ತದೆ. ರೆಂಬೆಯನ್ನು ನೀರಿನ ಸೀಸೆಯಲ್ಲಿ ಇಡುವುದಾದರೆ ಬಾಯಿಗೆ ಹತ್ತಿ ತುರುಕಬೇಕು, ಇಲ್ಲದಿದ್ದರೆ ಹುಳು ಕಾಂಡದಗುಂಟ ಇಳಿದು ನೀರಲ್ಲಿ ಮುಳುಗುತ್ತದೆ. ರೇಷ್ಮೆಹುಳು ಸುಮಾರು 25 ದಿನಗಳಲ್ಲಿ ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ, ಅದರ ಬಹುಪಾಲು ಮೇವು ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಬೇರೆ ಹುಳುಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೊದಲ ವಾರ ಒಂದೆಲೆ ಸಾಕಾಗಿದ್ದಕ್ಕೆ ಕೊನೆಗೆ ಬೆಳಗ್ಗೆ ಸಂಜೆ ರೆಂಬೆ ಬೇಕು.

ಒಂದು ದಿನ ಹಸಿರು ಮೈ ಕಂದಿ, ಬೆನ್ನು ಕಂದು ಬಣ್ಣಕ್ಕೆ ತಿರುಗಿ, ಹುಳು ಮೇವು ಬಿಟ್ಟು ಡಬ್ಬಿಯೊಳಗೆ ಚಡಪಡಿಸಿ ಓಡಾಡುತ್ತದೆ. ಕಾಯಿಲೆಯೆಂದು ಹೆದರಬೇಕಿಲ್ಲ. ಹಾಕ್‌ಮಾತ್‌ಗಳು ಕೋಶಕ್ಕೆ ಹೋಗುವುದು ನೆಲದಲ್ಲಿ. ಒಣಗೆಲೆ, ಸಡಿಲ ಮಣ್ಣು ಹಾಕಿಕೊಟ್ಟರೆ ಅದರಡಿ ಸೇರಿಕೊಳ್ಳುತ್ತವೆ. ಕೋಶದೊಳಗೆ ಹಳೆಯ ದೇಹದ ಬಹುಭಾಗ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಷ್ಟಾದರೂ ಎಲ್ಲವೂ ಅಳಿಸಿಹೋಗುವುದಿಲ್ಲ. 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಹಾಕ್‌ಮಾತ್ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಆ ವಾಸನೆ ಬಂದರೆ ದೂರ ಸರಿಯುವಂತೆ ಕಲಿಸಿದರು. ಹುಳುವಿನ ಕೊನೆಯ ಹಂತದಲ್ಲಿ ಕಲಿತವು ಪತಂಗವಾದ ಮೇಲೂ ಅದೇ ವಾಸನೆಯಿಂದ ದೂರ ಸರಿದವು.

ಕೋಶ ಒಡೆಯುವ ಹೊತ್ತಿಗೆ ಡಬ್ಬಿಯಲ್ಲಿ ಒರಟು ಕಡ್ಡಿಯೋ ಬಟ್ಟೆಯೋ ಇರಬೇಕು. ಹೊರಬಂದ ಪತಂಗದ ರೆಕ್ಕೆ ಮುದುಡಿರುತ್ತದೆ. ಮೇಲೆ ಹತ್ತಿ ಜೋತುಬಿದ್ದರೆ ಮಾತ್ರ ಅದು ಬಿಚ್ಚಿ ಒಣಗುತ್ತದೆ. ಜಾಗ ಸಾಲದೆ ನೆಲದಲ್ಲೇ ಉಳಿದರೆ ಜೀವಮಾನವಿಡೀ ಸೊಟ್ಟ ರೆಕ್ಕೆ. ಕತ್ತಲಾದ ಮೇಲೆ, ಹುಳು ಸಿಕ್ಕಿದ ಊರಲ್ಲೇ, ಅದೇ ಗಿಡದ ಬಳಿ ಬಿಟ್ಟುಬಿಡಬೇಕು.

ಪತಂಗದ ಬದಲು ಕಣಜ

ಎಲ್ಲ ಡಬ್ಬಿಯಿಂದಲೂ ಪತಂಗವೇ ಬರುತ್ತದೆಂದಿಲ್ಲ. ಚೆನ್ನಾಗಿ ತಿಂದು ಕೊಬ್ಬಿದ ಹುಳು ಒಂದು ಬೆಳಗ್ಗೆ ಅಲುಗಾಡದೆ ನಿಂತಿರುತ್ತದೆ, ಮೈತುಂಬ ಅಕ್ಕಿಕಾಳಿನಷ್ಟು ಬಿಳಿ ಗೂಡುಗಳು. ತೀರ ಸಣ್ಣ ಕಣಜವೊಂದು ಎಂದೋ ಅದರ ಮೈಯೊಳಗೆ ಮೊಟ್ಟೆ ಇಟ್ಟಿತ್ತು. ಮರಿಗಳು ಒಳಗೇ ತಿಂದು ಬೆಳೆದು ಈಗ ಹೊರಬಂದು ಗೂಡು ಕಟ್ಟಿವೆ. ರೇಷ್ಮೆ ಬೆಳೆಗಾರರಿಗೆ ಇದರ ದೊಡ್ಡಣ್ಣ ಗೊತ್ತು: 1980ರಲ್ಲಿ ರಾಜ್ಯಕ್ಕೆ ಬಂದು ಸೇರಿದ ಊಜಿ ನೊಣ. ಅದನ್ನು ತಡೆಯಲೆಂದೇ ಹುಳುಮನೆಗಳ ಕಿಟಕಿಗೆ ಬಲೆ ಬಂತು.

ಮಕ್ಕಳು ಇಂಥ ದಿನ ಅಳುತ್ತಾರೆ. ಆದರೆ ಹುಳು ಸಾಕುವವರ ಕೈಗೆ ಸಿಗುವ ಅತಿ ಬೆಲೆಯ ಮಾಹಿತಿಯೂ ಇದೇ. ಹೊಲದ ಹುಳುಗಳನ್ನು ಅಂಕೆಯಲ್ಲಿಡುವುದು ಬಹುಪಾಲು ಈ ಕಣಜ, ನೊಣಗಳೇ. ಯಾವ ಹುಳುವಿಗೆ ಯಾವ ಕಣಜ ಎಂಬುದು ದೀಪದ ಪರದೆಯಲ್ಲಿ ಎಂದೂ ತಿಳಿಯುವುದಿಲ್ಲ. ಆಪತ್ತೂ ಮೊದಲು ಕಾಣುವುದು ಎಲೆಯ ಮೇಲೇ. ದೇಶದ ಮೆಕ್ಕೆಜೋಳವನ್ನೆಲ್ಲ ಕಂಗೆಡಿಸಿದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕೃಷಿ ಕಾಲೇಜಿನ ಹೊಲದಲ್ಲಿ, ಸುಳಿ ತಿನ್ನುತ್ತಿದ್ದ ಹುಳುವಾಗಿ.

ದೀಪಕ್ಕೆ ಒಲಿಯದವರು

ಕೆಲವಕ್ಕೆ ದೀಪಕ್ಕಿಂತ ಹೆಂಡ ಇಷ್ಟ. ಕಿತ್ತಳೆ, ದಾಳಿಂಬೆ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ದೊಡ್ಡ ಪತಂಗಗಳಿವೆ. ಹಳದಿ ಹಿಂರೆಕ್ಕೆಯ ಯೂಡೊಸಿಮಾ ಜಾತಿಯವು. ಕಳಿತ ಬಾಳೆಹಣ್ಣು, ಬೆಲ್ಲ, ಸ್ವಲ್ಪ ಬಿಯರನ್ನು ಕುದಿಸಿ ಗಟ್ಟಿ ಮಾಡಿ ಮುಸ್ಸಂಜೆಗೆ ಮರದ ಕಾಂಡಕ್ಕೆ ಬಳಿದರೆ ಇಂಥವು ಬಂದು ಕೂರುತ್ತವೆ. ಹಣ್ಣಿನ ತೋಟದವರು ಇವನ್ನು ಶಪಿಸುತ್ತಾರೆ, ಆದರೆ ಹುಳು ಬೆಳೆಯುವುದು ಆ ತೋಟದಲ್ಲಲ್ಲ; ಬೇಲಿಯ ಅಮೃತಬಳ್ಳಿಯ ಮೇಲೆ. ಕಾಡುಬಳ್ಳಿಗೂ ಕಿತ್ತಳೆ ಹಣ್ಣಿನ ತೂತಿಗೂ ಇರುವ ಈ ಸಂಬಂಧ, ಹುಳುವನ್ನು ಸಾಕಿ ನೋಡಿದವರಿಂದಾಗಿ ನಮಗೆ ಗೊತ್ತಾದದ್ದು.

ಇನ್ನು ಕೆಲವಕ್ಕೆ ಗಂಧವೇ ಕರೆ. ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ 1959ರಲ್ಲಿ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಗಂಡನ್ನು ಸೆಳೆಯುವ ‘ಬಾಂಬಿಕಾಲ್’ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ತೊಗರಿ ಹೊಲದಲ್ಲಿ ಕಾಯಿಕೊರಕಕ್ಕೆ ತೂಗುಬಿಡುವ ಮೋಹಕ ಬಲೆಯ ಮೂಲ ಅಲ್ಲಿದೆ. ಮನೆಯಲ್ಲಿ ಸಾಕಿದ ಮೂನ್ ಮಾತ್ ಹೆಣ್ಣಾಗಿದ್ದರೆ, ಜಾಲರಿ ಪಂಜರದಲ್ಲಿ ಒಂದು ರಾತ್ರಿ ಕಿಟಕಿಯ ಹೊರಗಿಟ್ಟರೆ ಸಾಕು. ಹತ್ತಿರದ ಕಾಡಿನಲ್ಲಿ ಗಂಡುಗಳಿದ್ದರೆ ಯಾವ ಮರ್ಕ್ಯುರಿ ದೀಪವೂ ಇಲ್ಲದೆ ಹುಡುಕಿ ಬರುತ್ತವೆ.

ಒಂದು ನೋಟ್‌ಬುಕ್ಕಿನ ಖರ್ಚು

ಭಾರತದ ಪತಂಗಗಳಲ್ಲಿ ಬಹುಪಾಲಿನ ಹುಳು ಹೇಗಿರುತ್ತದೆ, ಏನು ತಿನ್ನುತ್ತದೆ ಎಂಬುದು ಇನ್ನೂ ದಾಖಲಾಗಿಲ್ಲ. ಬೆಲ್ ಕಾಲದಲ್ಲಿ ಬಿಟ್ಟ ಖಾಲಿ ಜಾಗ ಎಷ್ಟೋ ಕಡೆ ಹಾಗೇ ಇದೆ. ಅದನ್ನು ತುಂಬಲು ಪ್ರಯೋಗಾಲಯ ಬೇಕಿಲ್ಲ. ಹುಳು ಸಿಕ್ಕ ದಿನ, ಊರು, ಗಿಡದ ಹೆಸರು, ಪ್ರತಿ ಜ್ವರ ಕಳೆದ ಮೇಲೆ ಒಂದು ಫೋಟೊ, ಕೋಶವಾದ ದಿನ, ಹೊರಬಂದದ್ದು ಪತಂಗವೋ ಕಣಜವೋ ಎಂಬ ಒಂದು ಸಾಲು, ಇಷ್ಟು ಬರೆದಿಟ್ಟರೆ ಅದು ವಿಜ್ಞಾನ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಕಟ್ಟಿದ ‘ಮಾತ್ಸ್ ಆಫ್ ಇಂಡಿಯಾ’ ಜಾಲತಾಣ, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳು ಸಾಮಾನ್ಯರ ಇಂಥ ದಾಖಲೆಗಳನ್ನೂ ತೆಗೆದುಕೊಳ್ಳುತ್ತವೆ. ಎಲೆಯ ಹೆಸರಿಲ್ಲದ ನೂರು ರೆಕ್ಕೆಯ ಫೋಟೊಗಳಿಗಿಂತ, ಮೊಟ್ಟೆಯಿಂದ ಪತಂಗದವರೆಗೆ ಹಿಂಬಾಲಿಸಿದ ಒಂದು ಹುಳುವಿನ ಪುಟ ಅಲ್ಲಿ ಹೆಚ್ಚು ಬಾಳುತ್ತದೆ.

ಗಿಡದ ಒಂದಿಷ್ಟು ಎಲೆ ಹೋಗುತ್ತದೆ, ನಿಜ. ಒಂದು ಮಳೆ ಬಿದ್ದರೆ ನಂದಿಬಟ್ಟಲು ಮತ್ತೆ ಚಿಗುರುತ್ತದೆ, ಹೂವಿಗೇನೂ ಕೊರತೆಯಾಗದು. ಮುಂದಿನ ಅಮಾವಾಸ್ಯೆಗೆ ಬಟ್ಟೆ ಒಗೆದು, ದೀಪ ಹೊಂದಿಸಿಟ್ಟುಕೊಳ್ಳಿ. ಅಷ್ಟರಲ್ಲಿ ಒಂದು ಬೆಳಗ್ಗೆ ಹಿತ್ತಲಿಗೆ ಹೋಗಿ ಗಿಡದ ಬುಡದಲ್ಲಿ ಹಿಕ್ಕೆ ಬಿದ್ದಿದೆಯೇ ನೋಡಿ ಬನ್ನಿ.